ಮೂರು ಸಲ ಬಂದು ಹೋದವನು

"ಸತ್ಮೇಲೆ ಗುಂಡು ಹಾರಿದ್ರೆ ಯಾರಿಗೆ ಬೇಕು?"

ಕೋಣೆಯಲ್ಲಿ ಹೇವೊನ್ ಬಿಟ್ಟರೆ ಯಾರೂ ಇರಲಿಲ್ಲ. ಅವಳು ಗುಂಡಿ ಒತ್ತಿ ಒಂದು ಕ್ಷಣ ಕಳೆದ ಮೇಲೆ ಕಂಪ್ಯೂಟರ್ ಆಟದ ಪರದೆಯೊಳಗಿನ ಬಂದೂಕು ಸಿಡಿದಿತ್ತು. ಅಷ್ಟರಲ್ಲಿ ಅವಳ ಯೋಧೆ ನೆಲಕ್ಕುರುಳಿದ್ದಳು.

"ಮತ್ತೆ ನಿದ್ದೆ ಹೋದ್ಯೇನೇ?" ಹೆಡ್‌ಫೋನಿನಲ್ಲಿ ಜೊತೆಗಾರನೊಬ್ಬ ಹಂಗಿಸಿದ.

"ಕ್ಷಮಿಸಿ... ನನ್ನದೇ ತಪ್ಪು."

ತನ್ನ ತಪ್ಪಲ್ಲ, ನೆಟ್‌ನದು! ಅಲ್ಲವೆಂದು ಗೊತ್ತಿದ್ದೂ ತಲೆ ಬಾಗಿಸಬೇಕು!

ಮೂರು ಗಂಟೆಗೆ ವೃತ್ತಿಪರ ತಂಡದ ಆಯ್ಕೆಯ ಪಂದ್ಯ. ಎರಡು ವರ್ಷ ಕಾದು ಸಿಕ್ಕ ಕರೆ. ಇವತ್ತು ಎಡವಿದರೆ ಇನ್ನೊಮ್ಮೆ ಕರೆಯುವವರಿಲ್ಲ.

ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ನೆಟ್ ರಿಪೇರಿಯ ಪ್ಯೋ ಗೀಜುನ್! ಕಂಪನಿಯ ಅಂಗಿಯಿಲ್ಲ, ಹೆಗಲಲ್ಲಿ ಚೀಲ ಮಾತ್ರ.

"ಗ್ರಾಹಕರೇ, ಇನ್ನೊಂದ್ಸಲ ನೋಡ್ಲಾ?"

ಅವಳ ಮೈಯೆಲ್ಲ ಉರಿದುಹೋಯಿತು.

"ಮೂರು ಸಲ ಬಂದ್ರಿ! ಮೂರು ಸಲವೂ ಮೀಟರ್ ಹಚ್ಚಿ, ಲೈನ್ ಸರಿಯಿದೆ ಅಂದ್ರಿ. ನಿಮ್ಮ ಗಾಡಿ ತಿರುವು ದಾಟೋದ್ರೊಳಗೆ ಮತ್ತೆ ಅದೇ ಗೋಳು! ನಾನೇನು ಸುಳ್ಳು ಹೇಳ್ತಿದೀನಾ?"

"ಅಲ್ಲ."

"ಮತ್ತೆ ನಿಮ್ಮ ಕಚೇರಿಯೋರು ನನ್ನ ಹೆಸರಿನ ಮುಂದೆ 'ತಕರಾರಿನ ಗ್ರಾಹಕಿ' ಅಂತ ಯಾಕೆ ಬರ್ಕೊಂಡಿದಾರೆ? ಬರೆಸಿದ್ದು ನೀವೇ ತಾನೆ?"

ಗೀಜುನ್ ಮುಖ ಕೆಂಪಾಯಿತು.

"ಬರೆಸಿದ್ದು ನಾನಲ್ಲ. ಅಳಿಸ್ರಿ ಅಂತ ಮೇಲಿನವರ ಹತ್ರ ಜಗಳ ಆಡಿದ್ದು ನಾನು. ಒಂದು ಮನೆಗೆ ಇಷ್ಟೇ ನಿಮಿಷ ಅಂತ ಗಡಿಯಾರ ಹಿಡ್ಕೊಂಡು ಕೂತಿರ್ತಾರೆ ಅವರು. ಅದಕ್ಕೇ ರಜೆ ಹಾಕಿ ಬಂದೆ."

ಹೇವೊನ್ ಬಾಗಿಲು ಬಿಟ್ಟು ಸರಿದಳು. ಕೋಪ ಮಾತ್ರ ಇಳಿಯಲಿಲ್ಲ... ಇಳಿಸುವುದಾದರೂ ಎಲ್ಲಿ?

ಶೂ ಕಳಚಿ ಒಳಗೆ ಬಂದವನು ಮೂಗರಳಿಸಿದ. ಕೆಳಗಿಂದ ಬಿಸಿ ಹಾಯಿಸಿದ ಬೆಚ್ಚನೆಯ ನೆಲದ ಮೇಲೆ, ಗೋಡೆಯ ಬದಿಗೆ, ಕಂಬಳಿ ಹೊದ್ದು ಏನೋ ಗುಡ್ಡದಂತೆ ಕುಳಿತಿತ್ತು. ಅಡುಗೆಮನೆಯಿಂದ ಓಡಿಬಂದ ಹೇವೊನಳ ತಾಯಿ ಎರಡೂ ಕೈ ಅಗಲಿಸಿ ಅದಕ್ಕೆ ಅಡ್ಡ ನಿಂತರು.

"ಅಯ್ಯೋ ನನ್ನಪ್ಪಾ, ಬರೋ ಮುಂಚೆ ಒಂದು ಫೋನ್ ಮಾಡ್ಬಾರ್ದಾ? ಚೊಂಗುಕ್‌ಜಾಂಗ್ ಗೊಜ್ಜಿಗೆ ಸೋಯಾ ಕಾಳು ಹುಳಿ ಬರಿಸ್ತಿದೀನಿ. ನಾತ ಹೊಡೀತಿದೆ!"

"ಅಮ್ಮಾ, ಹೋದ ಸಲ ಇದು ಇಲ್ಲಿರ್ಲಿಲ್ಲ ಅಲ್ವಾ?" ಗೀಜುನ್ ಕೇಳಿದ.

"ಹೊರಗಿನವರ ಮೂಗಿಗೆ ಇದನ್ನ ಹಿಡೀತಾರೇನಪ್ಪಾ? ನೀವು ಬರ್ತೀರಿ ಅಂದಾಗೆಲ್ಲ ಬಾಲ್ಕನಿಗೆ ಸಾಗಿಸ್ತಿದ್ದೆ. ಹೋದ್ಮೇಲೆ ತಂದಿಡ್ತಿದ್ದೆ."

ಗೀಜುನ್ ಕಂಬಳಿ ಹೊದ್ದ ಆ ಭಾರದ ಕಾಳಿನ ಬುಟ್ಟಿಯನ್ನು ಸರಿಸಿದ. ನೆಲಕ್ಕೆ ಹಾಸಿದ್ದ ಹಾಳೆಯ ಅಂಚು ಎತ್ತಿದ. ಒಳಗೆ ನೆಟ್‌ನ ತಂತಿ ಚಪ್ಪಟೆಯಾಗಿ, ಸಿಪ್ಪೆ ಬಿರಿದು ಮಲಗಿತ್ತು.

"ಬುಟ್ಟಿ ಕೂತಾಗ ಒಳಗಿನ ಒಂದೆರಡು ಎಳೆ ಬಿಟ್ಟು ನೆಟ್ ನಿಧಾನ ಆಗುತ್ತೆ, ಎದ್ದಾಗ ಕೂಡುತ್ತೆ. ನಾನು ಬಂದಾಗೆಲ್ಲ ಕೂಡಿರ್ತಿತ್ತು!"

"ಅಮ್ಮಾ!!" ಹೇವೊನ್ ಚೀರಿದಳು.

"ನನ್ನ ಮೇಲೆ ಯಾಕೆ ಹಾರ್ತೀಯೇ? ಕಾಲಿಗೆ ತೊಡರುತ್ತೆ ಅಂತ ಅದನ್ನ ಹಾಳೆ ಕೆಳಗೆ ತೂರಿಸಿದ್ದು ಯಾರು? ನೀನೇ!"

ಅವನು ಗೋಡೆಯ ಅಂಚಿಗೆ ಹೊಸ ತಂತಿ ಎಳೆದು ಮುಗಿಸಿದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಹೇವೊನ್ ಗುಂಡಿ ಒತ್ತಿದಳು. ಒತ್ತಿದ ಕ್ಷಣವೇ ಗುಂಡು!

ತಾಯಿ ಬುಟ್ಟಿ ಹೊತ್ತು ಒಳಕೋಣೆಗೆ ನಡೆದರು.

"ರಜೆ ಹಾಕಿ ಯಾಕೆ ಬಂದ್ರಿ?" ಅವಳ ದನಿ ಇನ್ನೂ ಗಡುಸಾಗಿಯೇ ಇತ್ತು. "ಕನಿಕರಾನಾ? ಬೇಡ ನಂಗೆ."

"ಕನಿಕರ ಅಲ್ಲ, ಸಿಟ್ಟು. ಮೊದಲನೇ ಸಲ ಬಂದಾಗ ನಿಮ್ಮ ಜೊತೆಗಾರ ಹುಡುಗರು ಸೋತ ಆಟಕ್ಕೆ ಹೆಡ್‌ಫೋನಿನಾಚೆಗೂ ಕೇಳೋ ಹಾಗೆ ನಿಮ್ಮನ್ನ ಬೈತಿದ್ರು. ಮಾಡದ ತಪ್ಪಿಗೆ ಕ್ಷಮಿಸಿ ಕ್ಷಮಿಸಿ ಅಂತಿದ್ರಿ ನೀವು. ಆ ದನಿ... ಅವತ್ತಿಂದ ನನ್ನ ಬಿಟ್ಟಿಲ್ಲ. ಹೇವೊನ್, ಅದು ಬರೀ ಸಿಟ್ಟೂ ಅಲ್ಲ."

ಗ್ರಾಹಕರೇ ಎನ್ನಲಿಲ್ಲ. ಹೇವೊನ್ ಎಂದ.

ಎರಡು ತಿಂಗಳಿನಿಂದ ಅವಳ ಮಾತು ನಂಬಿದವನು ಇವನೊಬ್ಬನೇ... ಅವನನ್ನೇ ಬಾಗಿಲಲ್ಲಿ ನಿಲ್ಲಿಸಿ ಬೈದಳಲ್ಲ! ಅವಳ ಕಣ್ಣು ತುಂಬಿ ಬಂತು.

"ದಯವಿಟ್ಟು ಹೊರಡಿ," ಅಂದಳು ಪರದೆಯತ್ತ ತಿರುಗಿ, ಕಿವಿಯವರೆಗೂ ಕೆಂಪೇರಿ. "ನೀವಿದ್ರೆ ನನ್ನ ಗುರಿ ತಪ್ಪುತ್ತೆ."

ಗೀಜುನ್ ಅವಳ ಕುರ್ಚಿಯ ಹಿಂದೆ ಬೆಚ್ಚನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

"ಹೋಗಲ್ಲ."