ಮೂರನೇ ಸಲ ಹೋದ ನಾಜಲ್

ಸೋಮವಾರ ಬೆಳಿಗ್ಗೆ ಹೂವಿನ ತೋಟದ ಪಂಪ್ ಕೋಣೆ ತೆಗೆದರೆ — ಹುಳಕ್ಕೆ ಔಷಧಿ ಹೊಡೆಯುವ ಪಂಪಿನ ತುದಿಯ ನಾಜಲ್ ಮಾಯ! ಎರಡು ತಿಂಗಳಲ್ಲಿ ಇದು ಮೂರನೇ ಸಲ. ಹೊಸದು ಬರುವುದಕ್ಕೆ ವಾರ ಬೇಕು, ಅಲ್ಲಿಯವರೆಗೆ ಔಷಧಿ ಹೊಡೆಯುವಂತಿಲ್ಲ.

"ಪಂಪಣ್ಣನದೇ ಕೆಲಸ," ಎಂದ ಮೇಸ್ತ್ರಿ. "ಮೈಗಳ್ಳ. ತಲೆ ಬೇರೆ ಕೆಟ್ಟಿದೆ. ಮೊನ್ನೆ ಸುಮ್ಮಸುಮ್ಮನೆ ಜಗಳಕ್ಕೆ ಬಂದ, ಆಮೇಲೆ ಮೂಲೆಯಲ್ಲಿ ಕೂತು ಅತ್ತ!"

ಔಷಧಿ ಹೊಡೆಯುವ ಪಂಪಣ್ಣ ತಲೆ ಎತ್ತಲಿಲ್ಲ. "ನಾನೇ ಎಲ್ಲೋ ಇಟ್ಟು ಮರೆತಿರಬಹುದು ಸಾರ್... ಈಚೆಗೆ ಏನೂ ನೆನಪಿರಲ್ಲ."

"ಸಂಜೆಯೊಳಗೆ ಕಳ್ಳ ಸಿಗದಿದ್ದರೆ ಇವನು ನಾಳೆಯಿಂದ ಬರೋದು ಬೇಡ," ಎಂದರು ಮಾಲೀಕರು.

ಗೇಟ್ ಕಾಯುವ ಹೆಂಗಸಿಗೆ ಮೈ ಉರಿಯಿತು. ಎಲ್ಲರಿಗೂ ಅವಳು ಗೇಟಕ್ಕ. ಹನ್ನೊಂದು ವರ್ಷದಿಂದ ಬರುವವರ ಹೋಗುವವರ ಚೀಲ ನೋಡಿದ್ದಾಳೆ, ಮುಖವನ್ನೂ ನೋಡಿದ್ದಾಳೆ. ಬಿದ್ದವನಿಗೆ ಆಳಿಗೊಂದು ಕಲ್ಲು ಅಂದರೆ ಇದೇ ತಾನೇ?

"ಸಂಜೆವರೆಗೆ ನನಗೆ ಬಿಡಿ ಸಾರ್," ಎಂದಳು.

ಪಂಪ್ ನೋಡಿದಳು. ನಾಜಲ್ ಬಿಚ್ಚಿದವರು ಒಳಗಿನ ರಬ್ಬರ್ ಬಳೆ ಕಳೆಯದ ಹಾಗೆ ಅದನ್ನು ಹಿಡಿಕೆಗೆ ದಾರದಲ್ಲಿ ಕಟ್ಟಿಟ್ಟಿದ್ದರು. ಅಬ್ಬಾ, ಎಂಥ ಮರ್ಯಾದಸ್ಥ ಕಳ್ಳ!

"ಮೇಸ್ತ್ರಿ, ಕೋಣೆಗೆ ಬೀಗ?"

"ಚಿಲಕ ಅಷ್ಟೇ. ಯಾರು ಬೇಕಾದರೂ ಹೋಗಬಹುದು."

"ನಾಜಲ್ ಮಾರಿದರೆ?"

"ಒಂದು ಟೀಗೂ ಸಾಲಲ್ಲ."

"ಮತ್ತೆ ಯಾಕೆ ಕದೀತಾರೆ?"



ಸಂಜೆ ಹೂವು ಕಟ್ಟುವ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಗೇಟಕ್ಕ ಹಿಡಿಕೆ ತೋರಿಸಿದಳು.

"ದಾರ ನೋಡಿ. ಎರಡು ಸುತ್ತು, ತುದಿ ಒಳಗೆ ತುರುಕಿದ್ದು — ಗಂಟೇ ಇಲ್ಲ. ಅಂಗಡಿಯೋರು ಎಳೆದ ಕೂಡಲೇ ಬಿಚ್ಚಲಿ ಅಂತ ಇಲ್ಲಿನ ಹೆಂಗಸರು ಹೂವಿನ ಕಟ್ಟು ಹಾಕೋದು ಹೀಗೆ. ಗಂಡಸರು ಕಟ್ಟಿದ್ದರೆ ಕತ್ತರಿ ಬೇಕಾಗ್ತಿತ್ತು."

"ಹೂವು ಕಟ್ಟೋರು ಎಂಟು ಜನ ಇದ್ದಾರಲ್ಲ!" ಎಂದ ಮೇಸ್ತ್ರಿ.

"ಇದ್ದಾರೆ. ಔಷಧಿ ಹೊಡೆದ ವಾರ ಪಂಪಣ್ಣ ಕೈ ನಡುಗಿಸ್ಕೊಂಡು, ಯಾರನ್ನೂ ನೋಡದೆ ಗೇಟು ದಾಟ್ತಾನೆ. ನಾಜಲ್ ಕಳೆದ ವಾರ? ಹಿಂದಿನ ಎರಡು ಸಲಾನೂ ನಾಲ್ಕೇ ದಿನಕ್ಕೆ ಹಾಡ್ಕೊಂಡು ಹೋದ! ಇದು ನನಗೆ ಗೊತ್ತು. ನನಗಿಂತ ಚೆನ್ನಾಗಿ ಈ ಎಂಟು ಜನರಲ್ಲೇ ಇರೋ ಅವನ ಹೆಂಡತಿಗೆ ಗೊತ್ತು."

ಎಂಟು ಜನರ ನಡುವಿನಿಂದ ಒಬ್ಬಳು ಎದ್ದು ಬಂದು ಮೂರು ನಾಜಲ್ ಮೇಜಿನ ಮೇಲಿಟ್ಟಳು. "ನಾನೇ ತೆಗೆದದ್ದು. ಆ ಕೆಲಸ ಬಿಡಿ ಅಂದ್ರೆ ಇವರು ಕೇಳಲಿಲ್ಲ. ಮೇಸ್ತ್ರಿಗೆ ಹೇಳಿದ್ರೆ ನಕ್ಕರು. ಇನ್ನೇನು ಮಾಡ್ಲಿ?"

"ಆಸ್ಪತ್ರೆ ಸಿಸ್ಟರ್‌ಗೆ ಫೋನ್ ಮಾಡಿದ್ದೆ," ಎಂದಳು ಗೇಟಕ್ಕ. "ಆ ಔಷಧಿಯ ವಿಷ ಚರ್ಮದಿಂದ ಒಳಗಿಳಿದು ಮನಸ್ಸನ್ನೂ ಹಿಡಿಯಬಹುದಂತೆ. ಸಿಟ್ಟು, ಮರೆವು, ಅಳು. ರಕ್ತ ಪರೀಕ್ಷೆಗೆ ನಾಳೆನೇ ಕಳಿಸಿ ಅಂದ್ರು. ಕದ್ದವಳು ಸಿಕ್ಕಳು ಸಾರ್. ಆದರೆ ತಪ್ಪಿತಸ್ಥ ಆ ಔಷಧಿ ಡಬ್ಬ. ಅದನ್ನ ಇವನ ಬರಿಗೈಗೆ ಕೊಟ್ಟವರು ಯಾರು?"

ಮಾಲೀಕರ ಮುಖ ಇಳಿಯಿತು. "ನಾಳೆ ನನ್ನ ಗಾಡಿಯಲ್ಲೇ ಕರ್ಕೊಂಡು ಹೋಗ್ತೀನಿ. ಕೆಲಸ ಎಲ್ಲೂ ಹೋಗಲ್ಲ, ನೀರು ಬಿಡೋದು ನೋಡ್ಕೊಳ್ಳಲಿ. ಕೈಗವಸು, ಮಾಸ್ಕ್ ಬರೋವರೆಗೂ ಯಾರೂ ಪಂಪ್ ಮುಟ್ಟಬೇಡಿ."

ಪಂಪಣ್ಣ ಹೆಂಡತಿಯ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು. "ಅಂದ್ರೆ... ನನಗೆ ಹುಚ್ಚು ಹಿಡಿದಿಲ್ವಾ?"

"ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ," ಎಂದಳು ಅವಳು, ಸೆರಗಿನಿಂದ ಅವನ ಮುಖ ಒರೆಸುತ್ತ. "ಬುದ್ಧಿ ಸ್ವಲ್ಪ ಕಮ್ಮಿ. ಅದನ್ನ ಮದುವೆ ದಿನಾನೇ ನೋಡಿದ್ದೆ."