ಒಂದೆಳೆ ಹೆಚ್ಚು

ಗುಳೇದಗುಡ್ಡದ ನೇಕಾರ್ತಿ ಮಹಾನಂದಾಳ ಮಗ್ಗ ನಡೆಸುವ ಕಂಪ್ಯೂಟರಿನಲ್ಲಿ ‘ಸರಾಗ’ ಎಂಬ ತಂತ್ರಾಂಶ ಆ ಬೆಳಿಗ್ಗೆ ಸದ್ದಿಲ್ಲದೆ ತನ್ನ ಕೆಲಸ ಮುಗಿಸಿತು. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ತುಣುಕುಗಳಿಗೆ ಲೈಬ್ರರಿ ಎನ್ನುತ್ತಾರೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಹೋದರೆ ಹಿಂದೆಲ್ಲ ಒಂದು ಸರಿಹೋಗಿ ಹತ್ತು ಕೆಡುತ್ತಿದ್ದವು. ೨೦೬೧ರ ಈ ಹೊತ್ತಿಗೆ ಆ ರಗಳೆಯಿರಲಿಲ್ಲ. ಯಂತ್ರ ನಡೆಯುತ್ತಿರುವಾಗಲೇ ಸರಾಗ ಎಲ್ಲವನ್ನೂ ಬದಲಿಸಿಬಿಡುತ್ತಿತ್ತು.

ಮಧ್ಯಾಹ್ನ ಮಗ್ಗದಿಂದಿಳಿದ ಖಣ ನೋಡಿ ಮಹಾನಂದಾಳಿಗೆ ಪಿತ್ತ ನೆತ್ತಿಗೇರಿತು. ಆ ರವಿಕೆ ಬಟ್ಟೆಯ ಪ್ರತಿ ಹೂವೂ ನಟ್ಟನಡುವೆ ಸೀಳಿತ್ತು.

ಬೆಳಿಗ್ಗೆ ಸರಾಗ ಕಿತ್ತುಹಾಕಿದ್ದ ಹಳೆಯ ಲೈಬ್ರರಿ ಎಳೆ ಎಣಿಸುವಾಗ ಎಲ್ಲೋ ತಪ್ಪಿ ಹೂವಿಗೆ ಒಂದೆಳೆ ಕಡಿಮೆ ಮಾಡುತ್ತಿತ್ತು. ಅದಕ್ಕೇ ಊರಿನವರು ನೇಯ್ಗೆಯ ನಕ್ಷೆಯಲ್ಲಿ ಒಂದೆಳೆ ಹೆಚ್ಚು ಬರೆಯುತ್ತಿದ್ದರು. ಮಗ್ಗದ ಮನೆಗೆ ಬಂದ ಸೊಸೆಗೆ ಮೊದಲು ಕಲಿಸುತ್ತಿದ್ದುದೇ ಅದು. ಹೊಸ ಲೈಬ್ರರಿ ಸರಿಯಾಗಿ ಎಣಿಸಿ, ಆ ಹೆಚ್ಚಿನ ಎಳೆಯನ್ನೂ ಹೂವಿನ ನಡುವೆ ನೇಯಿಸಿಬಿಟ್ಟಿತ್ತು.

ದೂರು ಕೇಳಿ, ಸರಾಗವನ್ನು ಕಂಡುಹಿಡಿದ ಡಾ. ವಿಹಾನ್ ತೊರಗಲ್ ಮರುದಿನ ಧಾರವಾಡದಿಂದ ತಾನೇ ಬಂದ.

“ಅಕ್ಕಾರ, ಹಳೇದು ತಪ್ಪಿತ್ರಿ. ಈಗ ಸರಿ ಆಗೇತಿ. ನಿಮ್ಮ ಹೆಚ್ಚಿನ ಎಳಿ ತಗದ್ರ ಮುಗೀತು.”

“ಮುಗೀತಾ? ಮುನ್ನೂರಾ ಹನ್ನೆರಡು ನಕ್ಷಿ ಅದಾವ! ಆ ಎಳಿ ಹಿಡಕೊಂಡ ಒಂದೊಂದು ಎಸಳು ಬಗ್ಗಿಸೇನಿ. ಅದನ್ನ ಕಿತ್ರ ಹೂವು ಉಳೀತೈತೇನು? ಮೂವತ್ತೈದು ವರ್ಷದ ಕೆಲಸ ಈ ವಯಸ್ಸಿನ್ಯಾಗ ಮತ್ತ ಮಾಡ್ಲೇನು? ತಪ್ಪಂತ ನನಗೂ ಗೊತ್ತಿತ್ತೋ ತಮ್ಮಾ. ನನ್ನ ಮನ್ಯಾಗ ಹೊಕ್ಕು, ನನ್ನ ಕೇಳದ ತಿದ್ದಾಕ ನೀ ಯಾರು?”

ವಿಹಾನ್ ತಲೆ ತಗ್ಗಿಸಿದ. “ಹಳೇದನ್ನ ವಾಪಸ್ ಹಾಕಿ ಕೊಡ್ತೀನ್ರಿ.”

“ಹಾಕು. ಇಲ್ಲೇ ಕುಂತು ಹಾಕು.”

ಸಂಜೆಯವರೆಗೆ ಹುಡುಕಿದ. ಮನೆಗೆ ಬಂದವನಿಗೆ ಅವಳು ಒಂದು ಲೋಟ ನೀರನ್ನೂ ಕೊಡಲಿಲ್ಲ. ಹಳೆಯ ಲೈಬ್ರರಿ ಅವಳ ಕಂಪ್ಯೂಟರಿನಲ್ಲಿರಲಿಲ್ಲ, ಊರಿನಲ್ಲಿರಲಿಲ್ಲ, ಅವನ ಪ್ರಯೋಗಾಲಯದಲ್ಲೂ ಇರಲಿಲ್ಲ. ಎಲ್ಲ ಕಡೆ ಒಂದೇ ದಿನ ಸರಾಗ ಅದನ್ನು ಅಳಿಸಿಹಾಕಿತ್ತು.

“ಎಲ್ಲೂ ಇಲ್ರಿ. ಆ ತಪ್ಪು ಎಲ್ಲಿ, ಹೆಂಗ ಆಗ್ತಿತ್ತು ಅಂತ ಯಾರೂ ಬರದೂ ಇಟ್ಟಿಲ್ಲ.”

ಮಹಾನಂದಾ ಸೀಳು ಹೂವಿನ ಖಣವನ್ನು ಅವನ ಮಡಿಲಿಗೆ ಎಸೆದಳು. “ತಗೋ, ಉಡಿ ತುಂಬೇನಿ. ನಡಿ ಇನ್ನ.”

ಅವನು ಹೋದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಅವಳು ಈ ಮನೆಗೆ ಸೊಸೆಯಾಗಿ ಬಂದ ೨೦೨೬ರಲ್ಲಿ, ಹೊಸದನ್ನು ಕೂರಿಸುವ ಮುನ್ನ ಕಂಪ್ಯೂಟರ್ ಪರದೆಯ ಮೂಲೆಯಲ್ಲೊಂದು ಸಣ್ಣ ಚೌಕ ಮೂಡಿ, ‘ಈಗ ಬದಲಿಸಲೇ, ಆಮೇಲೆ ನೆನಪಿಸಲೇ?’ ಎಂದು ಕೇಳುತ್ತಿತ್ತು. ಕೆಲಸಕ್ಕೆ ಅಡ್ಡ ಬರುತ್ತದೆಂದು ಎಲ್ಲರೂ ಅದಕ್ಕೆ ಹಿಡಿಶಾಪ ಹಾಕುತ್ತಿದ್ದರು. ಈ ಕೇಳುವ ಪೀಡೆ ಯಾವಾಗ ತೊಲಗುತ್ತದೋ ಎಂದು ದಿನಾ ಗೊಣಗಿದವರಲ್ಲಿ ತಾನೂ ಒಬ್ಬಳು ಎಂಬುದು ನೆನಪಾಗಿ, ಅವಳಿಗೆ ತನ್ನ ಮೇಲೇ ಮೈಯೆಲ್ಲ ಉರಿದುಹೋಯಿತು.