ಸಚಿವರ ಬೆನ್ನ ಹಿಂದಿನ ಚೀಟಿ

ನಮ್ಮ ದ್ವೀಪದ ಸಂಸತ್ತಿನಲ್ಲಿ ಒಂದು ಮಂಗಳವಾರ ನಾನು ಪೆನ್ನಿನ ಮುಚ್ಚಳ ತೆಗೆದಾಗ, ಕೆರಿಬಿಯನ್ ಸಮುದ್ರ ಅಲೆ ಹೊಡೆಯುವುದನ್ನು ನಿಲ್ಲಿಸಿ, ಕಿಟಕಿಯವರೆಗೂ ಎದ್ದು ಬಂದು ಒಳಗೆ ಇಣುಕಿ ನೋಡಿತು. ಪೆಲಿಕನ್ ಹಕ್ಕಿಗಳು ಆಕಾಶದಲ್ಲಿ ಹಾರುತ್ತಿದ್ದಲ್ಲೇ ನಿಂತವು. ನಂಬದವರು ಹೋಗಿ ಪೆಲಿಕನ್‌ಗಳನ್ನೇ ಕೇಳಲಿ.

ನನ್ನ ಹೆಸರು ಆಲ್ಡ್ರಿಕ್. ಲೋಕೋಪಯೋಗಿ, ಮೀನುಗಾರಿಕೆ ಮತ್ತು ಕ್ರೀಡಾ ಸಚಿವರಾದ ಕತ್ಬರ್ಟ್ ಡೆಜಿರ್ ಅವರ ನಾಲಿಗೆ ನಾನೇ. ಸಂಸದರು ಕೇಳುವ ಪ್ರಶ್ನೆಗಳಿಗೆ ಅವರು ಸದನದಲ್ಲಿ ಓದುವ ಉತ್ತರಗಳನ್ನೆಲ್ಲ ಬರೆಯುತ್ತಿದ್ದವನು. ಸಣ್ಣ ದ್ವೀಪ ನೋಡಿ, ಒಬ್ಬೊಬ್ಬ ಸಚಿವರ ತಲೆ ಮೇಲೂ ಮೂರು ಖಾತೆ. ದಡದಲ್ಲಿ ಕೊಳೆಯುವ ಕಡಲಕಳೆ, ರಸ್ತೆಗೆ ನುಗ್ಗುವ ಮೇಕೆ, ಕ್ರಿಕೆಟ್ ಮೈದಾನದ ಕೆಟ್ಟ ದೀಪ, ಎಲ್ಲಕ್ಕೂ ನನ್ನದೇ ಉತ್ತರ. "ವಿಷಯವು ಸಕ್ರಿಯ ಪರಿಶೀಲನೆಯಲ್ಲಿದೆ" ಎಂಬ ಒಂದೇ ವಾಕ್ಯದ ಮೇಲೆ ಕೂರಿಸಿ ನಾನು ಸರ್ಕಾರವನ್ನು ಎಷ್ಟೋ ಚಂಡಮಾರುತ ದಾಟಿಸಿದ್ದೇನೆ.

ಹೀಗಿರುವಾಗ ಆನ್ಸ್ ಮರೋ ಎಂಬ ಮೀನುಗಾರರ ಊರಿನಿಂದ ಒಡೆಟ್ ಹಿಪೊಲಿಟ್ ಗೆದ್ದು ಬಂದಳು. ವಿರೋಧ ಪಕ್ಷದವಳು. ಅವಳ ಮೊದಲ ಪ್ರಶ್ನೆ ಊರಿನ ಕೆಟ್ಟ ರಸ್ತೆಯ ಬಗ್ಗೆ. ನನ್ನ ಉತ್ತರವನ್ನು ಸಚಿವರು ಗಂಭೀರವಾಗಿ ಓದಿದರು. ಮಧ್ಯಾಹ್ನ ಸಂಸತ್ತಿನ ಹಿಂದಿನ ಬಾದಾಮಿ ಮರದ ಕೆಳಗೆ ಕೂತು ಉಪ್ಪುಮೀನು ತುಂಬಿದ ಕರಿದ ರೊಟ್ಟಿ ತಿನ್ನುತ್ತಿದ್ದೆ. ಒಂದು ಜೊತೆ ಹಳದಿ ಚಪ್ಪಲಿ ಎದುರಿಗೆ ಬಂದು ನಿಂತಿತು.

"ಆ ಉತ್ತರ ಬರೆದವರು ಯಾರು, ಗೊತ್ತಾ ನಿಮಗೆ?"

ಒಡೆಟ್ ಹೊಗಳೋಕೆ ಬಂದಿದ್ದಾಳೆ ಅಂದುಕೊಂಡು ನಾನು ಎದೆ ಉಬ್ಬಿಸಿದೆ. "ನಾನೇ ಮೇಡಂ."

"ಓ, ನೀವೇನಾ." ಅವಳು ನನ್ನನ್ನು ಕೂದಲಿನಿಂದ ಬೂಟಿನವರೆಗೆ ನೋಡಿದಳು, ಮತ್ತೆ ಬೂಟಿನಿಂದ ಕೂದಲಿನವರೆಗೆ. "ಎಷ್ಟು ಉದ್ದದ ವಾಕ್ಯ ರೀ ಅದು. ಒಳಗೆ ನೋಡಿದ್ರೆ ಏನೂ ಇಲ್ಲ. ನಮ್ಮೂರಲ್ಲಿ ಖಾಲಿ ಬಲೆ ಎಳೆದ್ರೂ ಸ್ವಲ್ಪ ಪಾಚಿಯಾದ್ರೂ ಸಿಗುತ್ತೆ."

"ಖಾಲಿ ಇರೋದನ್ನ ಅಷ್ಟು ಉದ್ದ ಬರೆಯೋದು ಸುಲಭ ಅಂದ್ಕೊಂಡ್ರಾ?"

ಅವಳು ನಗಬಾರದು ಅಂತಲೇ ತುಟಿ ಕಚ್ಚಿದಳು. ಆಗಲಿಲ್ಲ. ಆ ನಗು ಮೊದಲು ಕಣ್ಣಿನ ಮೂಲೆಯಲ್ಲಿ ಕಾಣಿಸಿತು, ಆಮೇಲೆ ಕೆನ್ನೆಯ ಗುಳಿಗೆ ಜಾರಿತು. ಮರದ ಹಸಿರೆಲೆಗಳೆಲ್ಲ ಅದನ್ನು ನೋಡಿ ಅಲ್ಲೇ ಕೆಂಪಾದವು. "ಗಲ್ಲದ ಮೇಲೆ ಮೀನಿದೆ, ಒರೆಸ್ಕೊಳ್ಳಿ" ಅಂದು ಹೊರಟಳು.

ಆಮೇಲಿನ ಮಂಗಳವಾರಗಳನ್ನು ನಾನು ಹಬ್ಬದಂತೆ ಕಾದೆ. ಅವಳ ಪ್ರಶ್ನೆಗಳು ಎರಡು ವಾರ ಮುಂಚೆಯೇ ಇಲಾಖೆಗೆ ಬರುತ್ತಿದ್ದವು. ಕಡಲಕಳೆ ಯಾವಾಗ ತೆಗೆಸುತ್ತೀರಿ, ಮೀನಿನ ಮಂಜುಗಡ್ಡೆ ಯಂತ್ರ ಯಾಕೆ ಓಡುತ್ತಿಲ್ಲ. ಜಗತ್ತಿನ ಯಾವ ಪ್ರೇಮಿಯೂ ಮಂಜುಗಡ್ಡೆ ಯಂತ್ರದ ಬಗ್ಗೆ ಅಷ್ಟು ಆಸೆಯಿಂದ ಓದಿರಲಿಕ್ಕಿಲ್ಲ. ಸದನ ಮುಗಿದ ಮೇಲೆ ಮರದ ಕೆಳಗೆ ಇಬ್ಬರೂ ಕೂತು ದೀವಿಹಲಸಿನ ಹುರಿದ ಹೋಳು ಹಂಚಿಕೊಳ್ಳುತ್ತಿದ್ದೆವು. ನೀವು ಹೋಗಿ ನೀನು ಆಯಿತು. ಕ್ರಿಕೆಟ್ಟು, ಹಾಡು, ಅವಳನ್ನು ಸಾಕಿದ ಚಿಕ್ಕಮ್ಮ ಟಾಂಟಿ ಲೂಸಿಯ ಬೈಗುಳ, ಎಲ್ಲ ಮಾತಾಡುತ್ತಿದ್ದೆವು. ಪ್ರಶ್ನೆ ಮತ್ತು ಉತ್ತರದ ವಿಷಯ ಮಾತ್ರ ಇಲ್ಲ. ಅದು ಅವಳೇ ಹಾಕಿದ ಕಟ್ಟಳೆ.

"ನಿಜ ಹೇಳದೆ ತಪ್ಪಿಸ್ಕೊಂಡ್ರೆ ಪರವಾಗಿಲ್ಲ, ಅದು ನಿನ್ನ ಕೆಲಸ" ಅಂದಳು ಒಂದು ದಿನ. ಕೈಯಲ್ಲಿ ನನ್ನ ಟೈನ ತುದಿ ಸುತ್ತುತ್ತಿದ್ದಳು. "ಆದ್ರೆ ಸಚಿವರ ಬಾಯಲ್ಲಿ ಬಂದ್ರೂ ನಿನ್ನ ಮಾತು ನಂಗೆ ಗೊತ್ತಾಗುತ್ತೆ ಆಲ್ಡ್ರಿಕ್. ನನಗೆ ಸುಳ್ಳು ಬರೆದ ದಿನ, ಇಲ್ಲಿ ನನಗೋಸ್ಕರ ಕಾಯಬೇಡ."

ನಾನು ನಕ್ಕೆ. ಅವಳು ನಗಲಿಲ್ಲ.

ಜೂನ್ ತಿಂಗಳಲ್ಲಿ ಆ ಪ್ರಶ್ನೆ ಬಂತು. ಆನ್ಸ್ ಮರೋದಲ್ಲಿ ದೋಣಿ ಕಟ್ಟುವ ಮರದ ಜೆಟ್ಟಿ ಭದ್ರವಾಗಿಲ್ಲ ಎಂದು ಎಂಜಿನಿಯರ್ ವರದಿ ಕೊಟ್ಟಿರುವುದು ನಿಜವೇ?

ನಿಜ. ಎಂಜಿನಿಯರ್ ಜೊತೆ ದೋಣಿಯಲ್ಲಿ ಜೆಟ್ಟಿಯ ಕೆಳಗೆ ಹೋದವನು ನಾನೇ. ಅವರು ಕಂಬಕ್ಕೆ ಚಾಕು ಚುಚ್ಚಿದರು, ಹಿಡಿಯವರೆಗೂ ಕೇಕಿಗೆ ಹೋದಂತೆ ಹೋಯಿತು. ಇಲ್ಲಿ ನಾನು ಏನೂ ಸೇರಿಸುತ್ತಿಲ್ಲ. ಉತ್ತರ ಓದಬೇಕಾದ ಮಂಗಳವಾರದ ನಂತರದ ಭಾನುವಾರವೇ ಸಂತ ಪೇತ್ರರ ಹಬ್ಬ. ಪಾದ್ರಿಗಳು ದೋಣಿಗಳಿಗೆ ಆಶೀರ್ವಾದ ಮಾಡುವುದನ್ನು ನೋಡಲು ಇಡೀ ಊರು, ಮಕ್ಕಳು ಮುದುಕರು ಸಮೇತ, ಅದೇ ಜೆಟ್ಟಿಯ ಮೇಲೆ ನಿಲ್ಲುತ್ತದೆ.

ಸಚಿವರ ಬಳಿ ಹೋದೆ.

"ಹಬ್ಬ ಮುಗೀಲಿ ಮಾರಾಯ" ಅಂದರು. "ಹಬ್ಬದ ವಾರದಲ್ಲಿ ಜೆಟ್ಟಿ ಮುಚ್ಚಿದ್ರೆ ಆ ಊರಿನ ಓಟು ನಮಗೆ ಜನ್ಮದಲ್ಲಿ ಬರಲ್ಲ. 'ಅಂಥ ವರದಿ ನನ್ನ ಮುಂದೆ ಬಂದಿಲ್ಲ' ಅಂತ ಬರಿ."

"ಸರ್, ವರದಿ ನಿಮ್ಮ ಡ್ರಾಯರ್‌ನಲ್ಲೇ ಇದೆ."

"ಡ್ರಾಯರ್ ಪಕ್ಕದಲ್ಲಿದೆ. ಮುಂದೆ ಎಲ್ಲಿದೆ?"

ಬರೆದೆ.

ಮಂಗಳವಾರ ಬಂತು. ಸದನದ ಫ್ಯಾನುಗಳು ಬಿಸಿಗಾಳಿಯನ್ನೇ ಅತ್ತಿತ್ತ ಹಂಚುತ್ತಿದ್ದವು. ನಾನು ಸಚಿವರ ಕುರ್ಚಿಯ ಹಿಂದೆ, ಅಧಿಕಾರಿಗಳ ಬೆಂಚಿನಲ್ಲಿ. ಸಚಿವರು ಉತ್ತರ ಓದಿದರು. ನನ್ನ ವಾಕ್ಯ ಸದನ ದಾಟಿ ಒಡೆಟ್‌ಳನ್ನು ತಲುಪಿದ್ದನ್ನು ಕಣ್ಣಾರೆ ಕಂಡೆ. ಅವಳ ಎಡಹುಬ್ಬು ಕೂದಲೆಳೆಯಷ್ಟು ಮೇಲೇರಿತು. ಆಮೇಲೆ ಅವಳು ಸಚಿವರ ತಲೆಯ ಮೇಲಿಂದ ನೇರವಾಗಿ ನನ್ನನ್ನು ನೋಡಿದಳು. ಮರದ ಕೆಳಗೆ ನೋಡುತ್ತಿದ್ದ ಕಣ್ಣು ಅದಲ್ಲ.

"ಮಾನ್ಯ ಸಭಾಧ್ಯಕ್ಷರೇ, ಪೂರಕ ಪ್ರಶ್ನೆ" ಎಂದಳು. "ವರದಿಯ ಮಾತು ಬಿಡೋಣ. ಸಚಿವರ ಇಲಾಖೆಯ ಒಬ್ಬರಾದರೂ ಆ ಜೆಟ್ಟಿಯ ಕೆಳಗೆ ಹೋಗಿ ಕಂಬಗಳನ್ನು ನೋಡಿದ್ದಾರೆಯೇ? ಹೌದೋ, ಇಲ್ಲವೋ?"

ಪೂರಕ ಪ್ರಶ್ನೆಗೆ ಸಚಿವರ ಬಳಿ ಬರೆದಿಟ್ಟ ಉತ್ತರ ಇರುವುದಿಲ್ಲ. ಅವರು ಎದ್ದು ನಿಂತು, "ಇದು ಬಹಳ ಮುಖ್ಯವಾದ ಪ್ರಶ್ನೆ" ಎಂದು ಎಳೆಯುತ್ತ ಎಡಗೈಯನ್ನು ಬೆನ್ನ ಹಿಂದೆ ಚಾಚುತ್ತಾರೆ. ಬೆರಳುಗಳು ಏಡಿಯ ಕಾಲಿನಂತೆ ಆಡುತ್ತವೆ. ನಾನು ಚೀಟಿ ಬರೆದು ಆ ಕೈಗಿಡಬೇಕು. ಇಟ್ಟದ್ದನ್ನು ಅವರು ಯೋಚಿಸದೆ ಓದುತ್ತಾರೆ. ಒಮ್ಮೆ "ಸರ್, ಕೋಟಿನ ಮೇಲೆ ಕೇಕಿನ ಚೂರಿದೆ" ಎಂಬುದನ್ನೂ ಸದನಕ್ಕೆ ಓದಿ ಹೇಳಿದ್ದರು.

ಅಂದು ಅವರು ಬಾಯಿಯ ಪಕ್ಕದಿಂದ ಪಿಸುಗುಟ್ಟಿದರು, "ಇಲ್ಲ ಅಂತ ಬರಿ."

ಬೆರಳುಗಳು ಆಡುತ್ತಿದ್ದವು. ಒಡೆಟ್ ನಿಂತೇ ಇದ್ದಳು.

ನಾನು ಪೆನ್ನಿನ ಮುಚ್ಚಳ ತೆಗೆದೆ. ಸಮುದ್ರ ಬಂದು ಇಣುಕಿದ್ದು ಆಗಲೇ. ಬರೆದೆ ನೋಡಿ, ಸಿಂಹ ಬರೆದಂತೆ ಬರೆದೆ. ಚೀಟಿ ಕೈಗಿಟ್ಟೆ. ಸಚಿವರು ಗಂಟಲು ಸರಿಪಡಿಸಿಕೊಂಡು ಓದಿದರು: "ಹೌದು. ನನ್ನ ಧೀರ ಅಧಿಕಾರಿ ಆಲ್ಡ್ರಿಕ್ ನೋಡಿದ್ದಾನೆ. ಕಂಬಗಳು ಕೊಳೆತಿವೆ. ವರದಿಯನ್ನು ನಾನೇ ಬಚ್ಚಿಟ್ಟಿದ್ದೇನೆ. ಇವತ್ತೇ ಜೆಟ್ಟಿ ಮುಚ್ಚುತ್ತೇನೆ." ಸದನದ ಹೆಂಚು ಹಾರಿಹೋಯಿತು. ಎರಡೂ ಪಕ್ಷದವರು ತಬ್ಬಿಕೊಂಡು ಅತ್ತರು. ನಾನು ಎರಡನೇ ಚೀಟಿ ಇಟ್ಟೆ. ಸಚಿವರು ಅದನ್ನೂ ಓದಿದರು: "ಒಡೆಟ್, ನನ್ನನ್ನು ಮದುವೆಯಾಗುತ್ತೀಯಾ?" ಸಭಾಧ್ಯಕ್ಷೆ ವಿಷಯವನ್ನು ಮತಕ್ಕೆ ಹಾಕಿದರು. ಸರ್ವಾನುಮತದಿಂದ ಪಾಸಾಯಿತು.

ಇಷ್ಟು ಹೇಳಿ ನಾನು ಕೋಕೋ ಚಹಾದ ಲೋಟ ಎತ್ತಿದೆ. ಹಬ್ಬದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಆನ್ಸ್ ಮರೋದಲ್ಲಿ ಟಾಂಟಿ ಲೂಸಿಯ ಅಂಗಡಿ. ಸುತ್ತ ಕೂತ ಮೀನುಗಾರರು ಮೇಜು ಕುಟ್ಟಿ ನಗುತ್ತಿದ್ದರು. ಆಚೆ ಜೆಟ್ಟಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು.

"ಸರ್ವಾನುಮತ ಅಂದ್ರೆ, ನನ್ನ ಮತಾನೂ ಎಣಿಸಿದ್ರಾ?"

ಬೆನ್ನ ಹಿಂದಿನಿಂದ ಬಂದ ದನಿ. ನಗುತ್ತಿದ್ದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡತೊಡಗಿದರು. ಮಂಗಳವಾರದಿಂದ ಒಡೆಟ್ ನನ್ನ ಜೊತೆ ಮಾತಾಡಿರಲಿಲ್ಲ. ಮರದ ಕೆಳಗೆ ದಿನಾ ಕಾದಿದ್ದೆ, ಬಂದಿರಲಿಲ್ಲ. ಅದಕ್ಕೇ ಮಿನಿಬಸ್ ಹತ್ತಿ ಅವಳೂರಿಗೇ ಬಂದಿದ್ದೆ. ಬಂದವನು ಅವಳ ಮನೆಯ ಬಾಗಿಲು ತಟ್ಟುವ ಧೈರ್ಯವಿಲ್ಲದೆ ಅಂಗಡಿಯಲ್ಲಿ ಕೂತು ಕಥೆ ಹೊಡೆಯುತ್ತಿದ್ದೆ.

"ಲೋ ಮಗಾ, ಬಾಲ ಮುದುರ್ಕೊಂಡ ನಾಯಿ ಥರ ಯಾಕೆ ಕೂತೆ?" ಟಾಂಟಿ ಲೂಸಿ ಬಾಣಲೆಯಿಂದ ಕಣ್ಣೆತ್ತದೆ ಅಂದಳು. "ಈಗಷ್ಟೇ ಸಿಂಹ ಆಗಿದ್ಯಲ್ಲ."

"ಟಾಂಟಿ, ಸುಮ್ನಿರು." ಒಡೆಟ್ ನನ್ನೆದುರಿಗೆ ಬಂದು ನಿಂತಳು. "ನಾನೂ ಆ ಸದನದಲ್ಲಿದ್ದೆ. ಏನಾಯ್ತು ಅಂತ ನಂಗೆ ಗೊತ್ತು. ಯಾಕೆ ಅಂತ ಗೊತ್ತಿಲ್ಲ. ನಿಜ ಹೇಳು, ಇವರೆಲ್ಲರ ಮುಂದೆ. ಇನ್ನೊಂದು ಕಥೆ ಕಟ್ಟಿದ್ರೆ ಮಿನಿಬಸ್ ಅಲ್ಲೇ ನಿಂತಿದೆ."

ಲೋಟ ಕೆಳಗಿಟ್ಟೆ.

"ಏನೂ ಬರೀಲಿಲ್ಲ" ಅಂದೆ.

"ಜೋರಾಗಿ."

"ಚೀಟೀಲಿ ಏನೂ ಬರೀಲಿಲ್ಲ. ಇಲ್ಲ ಅಂತ ಬರಿ ಅಂದ್ರು, ಆಗ್ಲಿಲ್ಲ. ಹೌದು ಅಂತ ಬರೆಯೋಕೆ ಭಯ. ಕೆಲಸ ಹೋಗುತ್ತೆ ಅಂತ. ಖಾಲಿ ಕಾಗದ ಕೈಗಿಟ್ಟೆ. ಅವರು ಈ ಕಡೆ ತಿರುಗಿಸಿ ನೋಡಿದ್ರು, ಆ ಕಡೆ ತಿರುಗಿಸಿ ನೋಡಿದ್ರು, ಏನೂ ಹೇಳದೆ ಕೂತ್ಬಿಟ್ರು. ಕೂತ್ಕೊಳ್ಳೋದು ಉತ್ತರ ಅಲ್ಲ, ನಾಳೆಯೊಳಗೆ ಕಾಗದಪತ್ರ ಎಲ್ಲ ಸದನಕ್ಕೆ ತನ್ನಿ ಅಂತ ಸಭಾಧ್ಯಕ್ಷೆ ಹೇಳಿದ್ರು. ಹಾಗೆ ವರದಿ ಹೊರಗೆ ಬಂತು. ಜೆಟ್ಟಿ ಮುಚ್ಚಿಸಿದ್ದು ನೀನು ಮತ್ತೆ ಸಭಾಧ್ಯಕ್ಷೆ. ನಾನಲ್ಲ."

"ಮೊದಲು ಓದಿದ ಉತ್ತರ?"

"ಅದು ನಾನೇ ಬರೆದದ್ದು. ಪೂರ್ತಿ."

ಬಾಣಲೆಯ ಎಣ್ಣೆ ಸದ್ದು ಮಾಡುತ್ತಿತ್ತು. ಅವಳ ಮುಖ ನೋಡಲಾರದೆ ಮೇಜು ನೋಡಿದೆ.

"ಬುಧವಾರದಿಂದ ಇಲಾಖೆಗೆ ಬರಬೇಡ ಅಂದಿದ್ದಾರೆ. ಧೀರ ಅಲ್ಲ ನಾನು ಒಡೆಟ್. ನೀನು ಆ ಜೆಟ್ಟಿ ಮೇಲೆ ನಿಂತಿರೋದು ಕಣ್ಣ ಮುಂದೆ ಬಂತು, ಕೈ ಓಡ್ಲಿಲ್ಲ, ಅಷ್ಟೇ. ಎರಡನೇ ಚೀಟಿನೂ ಸುಳ್ಳು. ಆದ್ರೆ ನಿನ್ನ ಮೇಲೆ ನಂಗೆ ಪ್ರೀತಿ ಇದೆ. ಅದು ಸುಳ್ಳಲ್ಲ."

ಸ್ಟೂಲು ಎಳೆದ ಸದ್ದಾಯಿತು. ಅವಳು ನನ್ನ ಪಕ್ಕದಲ್ಲಿ ಕೂತು, ನನ್ನ ಲೋಟ ತನ್ನ ಕಡೆ ಎಳೆದುಕೊಂಡು ಒಂದು ಗುಟುಕು ಕುಡಿದಳು.

"ಮೊದಲ ಉತ್ತರಕ್ಕೆ ಇನ್ನೂ ಕೋಪ ಇದೆ" ಅಂದಳು. "ತುಂಬಾ ದಿನ ಇರುತ್ತೆ."

"ಇರ್ಲಿ."

"ಇಡೀ ಊರಿಗೆ ಹೆಂಚು ಹಾರಿಸ್ತೀಯ. ನನಗೆ ಹೇಳೋ ಪ್ರೀತಿಯ ಈ ಒಂದು ಮಾತನ್ನ ಸ್ವಲ್ಪ ದೊಡ್ಡದು ಮಾಡಿ ಹೇಳೋಕಾಗ್ಲಿಲ್ವಾ?"

ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತ್ತು. ಏನಾದರೂ ದೊಡ್ಡದನ್ನು ಹೇಳಲು ಬಾಯಿ ತೆರೆದೆ. ನಿಜ ಹೇಳುತ್ತೇನೆ, ಮಾತೇ ಬರಲಿಲ್ಲ.